ಓದುಗರ ಪ್ರಶ್ನೆ: ಕಿರ್ಲೋಸ್ಕರ್ ನೇಗಿಲು, ಅದನ್ನು ಮಾಡಿದವರು

ಪ್ರಶ್ನೆ: ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಕಡೆಯವರಂತೆ. ಎಂಜಿನಿಯರಿಂಗ್ ಎಲ್ಲಿ ಓದಿದರು? ಕಾರ್ಖಾನೆ ಬೆಳಗಾವಿಯಲ್ಲಿ ಯಾಕೆ ಉಳಿಯಲಿಲ್ಲ? (ಸವದತ್ತಿಯ ಓದುಗರು)

ಉತ್ತರ: ಅವರು ಹುಟ್ಟಿದ್ದು 1869ರಲ್ಲಿ, ನಿಮ್ಮ ತಾಲ್ಲೂಕಿನ ಗುರ್ಲಹೊಸೂರಿನಲ್ಲೇ. ಎಂಜಿನಿಯರಿಂಗ್ ಪದವಿ ಇರಲಿಲ್ಲ. ಚಿತ್ರಕಲೆ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದವರು. ಕೆಲವು ಬಣ್ಣಗಳ ಭೇದ ಕಣ್ಣಿಗೆ ತಿಳಿಯದೆ ಯಂತ್ರಗಳ ನಕ್ಷೆ ಬರೆಯುವುದರತ್ತ ಹೊರಳಿದರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಆದರೂ ಅವರನ್ನು ಎಂಜಿನಿಯರ್ ಅನ್ನಲು ನಮಗೆ ಸಂಕೋಚವಿಲ್ಲ.

ಅಣ್ಣ ರಾಮುವಣ್ಣನ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಬೆನ್ನಿಗೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಊರು ಬೆಳೆಯಿತು. ಹೊಸ ಬಡಾವಣೆಗೆಂದು ಪುರಸಭೆ ಜಾಗ ಬಿಡಿಸಿತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜರು ಕುಂಡಲ್ ಬಳಿ ಬಂಜರು ನೆಲ ಮತ್ತು ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಎಡೆ ಕೊಡಲಿಲ್ಲ. ಜೈಲಿನಿಂದ ಬಿಡುಗಡೆಯಾದವರಿಗೆ ರಾತ್ರಿ ಕಾವಲಿನ ಕೆಲಸ ಕೊಟ್ಟರು. ಊರಿಗೆ ಸೇವೆ ಸಲ್ಲಿಸಿದ್ದು ನಿಜ, ಆದರೆ ಆ ಊರನ್ನು ಮೊದಲು ತಾವೇ ಕಟ್ಟಬೇಕಾಯಿತು. ಬೆಳಗಾವಿ ಕೈಬಿಟ್ಟದ್ದರಲ್ಲಿ ಒಂದು ಪಾಲು ಮಾತ್ರ ಕರ್ನಾಟಕಕ್ಕೆ ತಡವಾಗಿ ಬಂತು: 1941ರಲ್ಲಿ ಹರಿಹರದ ಲೇತ್ ಕಾರ್ಖಾನೆ, 1946ರಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಇವು ಮಗ ಶಂತನುರಾವ್ ಕಾಲದವು. ಅವರು ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದವರು.

ಪ್ರಶ್ನೆ: ಅಜ್ಜನ ಕಾಲದ ಕಿರ್ಲೋಸ್ಕರ್ ನೇಗಿಲು ಅಟ್ಟದ ಮೇಲಿದೆ. ಕುಳ ಸವೆದಿದೆ. ಕಮ್ಮಾರರಿಂದ ಹದ ಹಾಕಿಸಬಹುದೇ? (ಗದಗದ ಓದುಗರು)

ಉತ್ತರ: ಮೊದಲು ಕುಳ, ಅಂದರೆ ನೆಲ ಸೀಳುವ ಮೊನೆ, ಎರಕದ್ದೋ (ಅಚ್ಚಿಗೆ ಹೊಯ್ದ ಕಬ್ಬಿಣ) ಉಕ್ಕಿನದೋ ನೋಡಿ. ಹಿಂಭಾಗದಲ್ಲಿ ಡ್ರಿಲ್ ಹಚ್ಚಿ: ಉಕ್ಕಾದರೆ ಸುರುಳಿ ಸುರುಳಿಯಾಗಿ ಬರುತ್ತದೆ, ಎರಕವಾದರೆ ಕಪ್ಪು ಪುಡಿ ಉದುರುತ್ತದೆ. ಡ್ರಿಲ್ ಕೊರೆಯದೆ ಜಾರಿದರೂ ಅದು ಎರಕವೇ ಇರಬಹುದು. ಅಂಚು ಬೇಗ ಸವೆಯದಿರಲೆಂದು ಎರಕವನ್ನು ಅಲ್ಲಿ ತಟ್ಟನೆ ತಣಿಸಿ ಗಟ್ಟಿ ಮಾಡುವ ರೂಢಿಯಿದೆ. ಉಕ್ಕಿನದನ್ನು ಕಾಯಿಸಿ ಬಡಿದು ಚೂಪು ಮಾಡಬಹುದು. ಎರಕದ್ದನ್ನು ಕುಲುಮೆಗೆ ಒಯ್ಯಲೇಬೇಡಿ. ಅದರಲ್ಲಿ ಇಂಗಾಲ ಹೆಚ್ಚು, ಬಡಿದರೆ ಹಿಗ್ಗುವುದಿಲ್ಲ, ಒಡೆಯುತ್ತದೆ. ಅದಕ್ಕೆ ಹೊಸ ಕುಳವೇ ಗತಿ.

ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿಯಿಡೀ ಸೀಮೆಎಣ್ಣೆ ಬಿಡಿ. ಸುತ್ತಿಗೆ ಏಟು ಕೊಟ್ಟರೆ ಎರಕದ ಭಾಗ ಸೀಳುತ್ತದೆ. ಹೊಸ ಬೋಲ್ಟಿನ ತಲೆ ಕುಳದ ಮೈಗೆ ಸಮವಾಗಿ ಕೂರಬೇಕು. ಎದ್ದರೆ ಅಲ್ಲೇ ಮಣ್ಣು ಕಚ್ಚಿಕೊಳ್ಳುತ್ತದೆ. ಮಣ್ಣು ಮಗುಚುವ ರೆಕ್ಕೆಯನ್ನು ತಂತಿ ಬ್ರಷ್, ಆಮೇಲೆ ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ. ಒರಟು ರೆಕ್ಕೆಯ ಮೇಲೆ ಎರೆಮಣ್ಣು ಜಾರುವುದೇ ಇಲ್ಲ.

ಪ್ರಶ್ನೆ: ಹೊಸ ಕುಳ ಹಾಕಿದರೂ ನೇಗಿಲು ನೆಲಕ್ಕೆ ಇಳಿಯುತ್ತಿಲ್ಲ, ಮೇಲೆ ಮೇಲೆ ಓಡುತ್ತದೆ. (ರೋಣದ ಓದುಗರು)

ಉತ್ತರ: ಮೇಣಿ (ನೇಗಿಲಿನ ಹಿಡಿ) ಒತ್ತಿ ಹಿಡಿದು ಆಳಕ್ಕೆ ಇಳಿಸಲು ನೋಡಬೇಡಿ, ಒತ್ತಿದರೆ ಮೂತಿ ಮೇಲೇಳುತ್ತದೆ, ತೋಳೂ ನೋಯುತ್ತದೆ. ಈಸಿನ, ಅಂದರೆ ಮುಂದಕ್ಕೆ ಚಾಚಿದ ಉದ್ದನೆಯ ದಂಡದ, ತುದಿಯ ಕೊಂಡಿಯಲ್ಲಿ ಮೇಲೆ ಕೆಳಗೆ ತೂತುಗಳಿವೆಯಲ್ಲ, ಸರಪಳಿಯನ್ನು ಒಂದು ತೂತು ಮೇಲಕ್ಕೆ ಸಿಕ್ಕಿಸಿ. ನೇಗಿಲು ಇಳಿಯುತ್ತದೆ. ಸಾಲದಿದ್ದರೆ ಸರಪಳಿ ಸ್ವಲ್ಪ ಉದ್ದ ಬಿಡಿ. ಗಿಡ್ಡ ಸರಪಳಿ ನೊಗದ ಕಡೆಗೆ ಎತ್ತಿ ಎಳೆಯುತ್ತದೆ. ಬಲಕ್ಕೆ ಮಗುಚುವ ನೇಗಿಲಿನಲ್ಲಿ ಸರಪಳಿ ಬಲಕ್ಕೆ ಸರಿದಷ್ಟೂ ಸಾಲು ಅಗಲ. ಎತ್ತು ಏದುಸಿರು ಬಿಡುತ್ತಿದ್ದರೆ ಒಂದು ತೂತು ಎಡಕ್ಕೆ ತನ್ನಿ.

ಇಷ್ಟಾದರೂ ಇಳಿಯದಿದ್ದರೆ ನೇಗಿಲನ್ನು ಸಮತಟ್ಟು ಕಲ್ಲಿನ ಮೇಲಿಟ್ಟು ನೋಡಿ. ಕುಳದ ಮೂತಿ ಮತ್ತು ನೇಗಿಲಿನ ಹಿಂಬದಿ ನೆಲ ಮುಟ್ಟಿ, ನಡುವೆ 3ರಿಂದ 5 ಮಿಲಿಮೀಟರ್ ಸಂದು ಕಾಣಬೇಕು. ಸಂದು ಇಲ್ಲದಿದ್ದರೆ ಕುಳದ ಅಳತೆಯೇ ಬೇರೆ, ಅಂಗಡಿಗೆ ವಾಪಸು ಕೊಡಿ.