ಪ್ರತಿ: ಫ್ರೆಂಡ್ ಜೊತೆ ಶನಿವಾರ ಒಂದೇ ದಿನ ಕೊಚ್ಚಿ, ಏನೇನ್ ನೋಡ್ಬಹುದು?

ಮಟ್ಟಾಂಚೇರಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ನೋಡ್ಲೇಬೇಕು ಅಂದ್ರಲ್ಲ, ಅಲ್ಲೇ ಎಡವಟ್ಟು, ಶನಿವಾರ ಯಹೂದಿಗಳಿಗೆ ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನ, ಒಳಗೆ ಬಿಡಲ್ಲ. ನಾನೂ ನನ್ ಗೆಳೆಯನೂ ಹೀಗೇ ಹೋಗಿ ಮುಚ್ಚಿದ ಬಾಗಿಲ ಮುಂದೆ ಪೆಚ್ಚು ಮೋರೆ ಹಾಕ್ಕೊಂಡು ನಿಂತಿದ್ವಿ. ಭಾನುವಾರಕ್ಕೆ ಬದಲಾಯಿಸೋಕಾದ್ರೆ ಬದಲಾಯಿಸಿ, 1568ರ ಕಟ್ಟಡ, ನೆಲಕ್ಕೆ ಹಾಸಿರೋ ನೀಲಿ ಚೀನಾ ಟೈಲ್ಸ್ ಎಲ್ಲಾ ಕೈಯಲ್ಲೇ ಚಿತ್ರ ಬರೆದಿರೋದು.

ಆಗಲ್ವಾ, ಪಕ್ಕದ ಡಚ್ ಪ್ಯಾಲೇಸ್ ಇದೆ (ಹೆಸರಿಗಷ್ಟೇ ಡಚ್, ಕಟ್ಟಿಸಿದ್ದು ಪೋರ್ಚುಗೀಸರು), ಗೋಡೆ ಮೇಲೆಲ್ಲಾ ರಾಮಾಯಣದ ಚಿತ್ರ.

ಎರ್ನಾಕುಲಂನಿಂದ (ನೀರಿನ ಈಚೆ ದಡದ ಊರು) ಫೋರ್ಟ್ ಕೊಚ್ಚಿ ಕಡೆಗೆ ಟ್ಯಾಕ್ಸಿ ಮಾಡ್ಬೇಡಿ, ಬೋಟ್ ಹಿಡೀರಿ, ಗಾಳಿಗೆ ಅರ್ಧ ಸೆಕೆ ಅಲ್ಲೇ ಇಳಿಯುತ್ತೆ. ಬೆಳಿಗ್ಗೆ ಬೇಗ ಫೋರ್ಟ್ ಕೊಚ್ಚಿಗೆ ಹೋದ್ರೆ ಮೀನು ಹಿಡಿಯೋ ಚೀನೀ ಬಲೆ ಎತ್ತೋದು ನೋಡ್ಬಹುದು, ಒಂದು ಕಡೆ ದೊಡ್ಡ ಬಲೆ, ಇನ್ನೊಂದು ಕಡೆ ತೂಕಕ್ಕೆ ಹಗ್ಗದಲ್ಲಿ ಸಾಲಾಗಿ ನೇತಾಡೋ ಕಲ್ಲುಗಳು, ನಾಲ್ಕೈದು ಜನ ಎಳೆದ್ರೆ ಇಡೀ ಬಲೆ ನಿಧಾನಕ್ಕೆ ಮೇಲೆ ಬರುತ್ತೆ. ನಿಮ್ಮನ್ನೂ ಎಳೀರಿ ಬನ್ನಿ ಅಂತ ಕರೀತಾರೆ, ಆಮೇಲೆ ಟಿಪ್ಸ್ ಕೇಳ್ತಾರೆ, ಚಿಲ್ಲರೆ ಇಟ್ಕೊಂಡಿರಿ. ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚ್ ನಡೆಯೋ ದೂರ, ವಾಸ್ಕೋ ಡ ಗಾಮನ್ನ 1524ರಲ್ಲಿ ಮೊದಲು ಹೂತಿದ್ದು ಅಲ್ಲೇ.

ಮಧ್ಯಾಹ್ನ ಮಾತ್ರ ಎಲ್ಲಾದ್ರೂ ಫ್ಯಾನ್ ಕೆಳಗೆ ಕೂತು ಊಟ ಮಾಡಿ, ನಾವು ಆ ಬಿಸಿಲಲ್ಲಿ ತಿರುಗಿ ಬೆವರಲ್ಲಿ ಸ್ನಾನ ಮಾಡಿದ್ವಿ.