ಹಡಗಿನಿಂದ ಇಳಿದ ಆ ಒಂದು ದಿನ

ಪ್ರಶ್ನೆ: ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತ. ಮನೆಯವರಿಗೆ ಮಂಡಿನೋವು. ಫೆಬ್ರವರಿಯಲ್ಲಿ ಮಗ ನಮ್ಮಿಬ್ಬರಿಗೂ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದಾನೆ. ಮಾಲ್ಟಾದ ವಲೆಟ್ಟಾದಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದಂತೆ. ಹಡಗಿನವರ ಬಸ್ ಟೂರಿಗೆ ಹೋಗೋಣವೇ, ನಾವೇ ಸುತ್ತೋಣವೇ? ಆಫ್ ಸೀಸನ್‌ನಲ್ಲಿ ಎಲ್ಲಾ ಮುಚ್ಚಿರುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ನಾವು ಶುದ್ಧ ಸಸ್ಯಾಹಾರಿಗಳು.
- ಓದುಗರು, ಡೊಂಬಿವಲಿ

ಉತ್ತರ: ಬಸ್ ಟೂರ್ ಬೇಡ. ವಲೆಟ್ಟಾದ ಮಟ್ಟಿಗಂತೂ ಬೇಡವೇ ಬೇಡ. ಊರು ಹಡಗಿನ ಬುಡದಲ್ಲೇ ಶುರುವಾಗುತ್ತದೆ. ಊರಿನ ಉದ್ದವೇ ಸುಮಾರು ಒಂದು ಕಿಲೋಮೀಟರ್. ಅದನ್ನು ಬಿಟ್ಟು ಬಸ್ಸಿನ ಕಿಟಕಿಯಲ್ಲಿ ಇಡೀ ದ್ವೀಪ ನೋಡಿ ಬರುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಕ್ರೂಸಿನಲ್ಲಿ ನಾವು ಅದೇ ತಪ್ಪು ಮಾಡಿದ್ದೆವು, ಬೇರೆ ಬಂದರಿನಲ್ಲಿ. ಮೂರು ಊರು, ಒಂದೊಂದರಲ್ಲಿ ನಲವತ್ತು ನಿಮಿಷ. ಅಮ್ಮನನ್ನು ಏನು ನೋಡಿದೆ ಅಂತ ಕೇಳಿದರೆ ಗೈಡ್ ಎತ್ತಿ ಹಿಡಿದ ಕೊಡೆ ಅಂದರು. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಹಡಗು ನಿಲ್ಲುವ ಜಾಗದಿಂದ ಊರು ಎತ್ತರದಲ್ಲಿ ಕಾಣುತ್ತದೆ. ಆ ಗೋಡೆ ನೋಡಿ ಮನೆಯವರು ಹೆದರಬಾರದು. ನೀರಿನ ಪಕ್ಕದಲ್ಲೇ ಸ್ವಲ್ಪ ದೂರ ನಡೆದರೆ ಬರಕ್ಕಾ ಲಿಫ್ಟ್ ಸಿಗುತ್ತದೆ. 58 ಮೀಟರ್ ಎತ್ತರ, 2012ರಿಂದ ನಡೆಯುತ್ತಿದೆ, ಒಂದೇ ಏರಿಗೆ ಅಪ್ಪರ್ ಬರಕ್ಕಾ ಉದ್ಯಾನಕ್ಕೆ ತಲುಪಿಸುತ್ತದೆ. ಕೆಳಗೆ ಗ್ರ್ಯಾಂಡ್ ಹಾರ್ಬರ್, ಅದರಾಚೆ ಕೋಟೆಗಳು, ನಿಮ್ಮ ಹಡಗೂ ಅಲ್ಲಿಂದಲೇ ಕಾಣುತ್ತದೆ. ಬೆಂಚಿದೆ, ಕೂತುಬಿಡಿ. ಬೆಳಿಗ್ಗೆ ಬೇಕಾದ್ದು ಮುಗಿಸಿಕೊಂಡು ಮಧ್ಯಾಹ್ನ 12ಕ್ಕೆ ಮತ್ತೆ ಇಲ್ಲಿಗೇ ಬನ್ನಿ, ಕೆಳಗಿನ ಸಾಲಿನಿಂದ ತೋಪು ಹಾರಿಸುತ್ತಾರೆ. ಸದ್ದು ಎದೆಗೇ ಬಡಿಯುತ್ತದೆ. ಆಮೇಲೆ ಬಿಳಿ ಹೊಗೆ ನಿಧಾನಕ್ಕೆ ನೀರಿನ ಮೇಲೆ ಸರಿದು ಹೋಗುವುದನ್ನು ನೋಡುತ್ತಾ ನಾವು ಕೈಯಲ್ಲಿದ್ದ ಕಾಫಿ ಆರುವವರೆಗೂ ಮಾತಾಡಲಿಲ್ಲ.

ನಡಿಗೆಗೆ ರಿಪಬ್ಲಿಕ್ ಸ್ಟ್ರೀಟ್ ಒಂದೇ ಸಾಕು. ಅದು ಗುಡ್ಡದ ಬೆನ್ನ ಮೇಲೆ ಹೋಗುವ ಬೀದಿ, ಮೆಟ್ಟಿಲಿಲ್ಲ. ಅಕ್ಕಪಕ್ಕದ ಎಷ್ಟೋ ಬೀದಿಗಳು ಮೆಟ್ಟಿಲಾಗಿ ಸಮುದ್ರದ ಕಡೆಗೆ ಇಳಿಯುತ್ತವೆ. ಮಂಡಿ ನೋಯುವವರು ಅವನ್ನು ಮೇಲಿನಿಂದಲೇ ನೋಡಲಿ, ಚಂದ ಕಾಣುವುದೂ ಅಲ್ಲಿಂದಲೇ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಒಂದೊಂದಕ್ಕೂ ಹಸಿರೋ ಕೆಂಪೋ ಬಳಿದ ಮರದ ಮುಚ್ಚು ಬಾಲ್ಕನಿ. ಅಂಥ ಒಂದು ಬಾಲ್ಕನಿಯಿಂದ ಒಬ್ಬ ಅಜ್ಜಿ ಹಗ್ಗ ಕಟ್ಟಿದ ಬುಟ್ಟಿ ಕೆಳಗೆ ಬಿಟ್ಟರು. ಕೆಳಗಿದ್ದವನು ಬ್ರೆಡ್ ಇಟ್ಟ, ಬುಟ್ಟಿ ಗೋಡೆಗೆ ತಾಗುತ್ತಾ ತಾಗುತ್ತಾ ಮೇಲೆ ಹೋಯಿತು. ನನಗೆ ಮುಂಬೈಯ ಗಿರ್‌ಗಾಂವ್ ಚಾಳಿನಲ್ಲಿ ತರಕಾರಿಯವನಿಗೆ ಚೀಲ ಇಳಿಬಿಡುತ್ತಿದ್ದ ನಮ್ಮ ಚಿಕ್ಕಮ್ಮ ಕಣ್ಣ ಮುಂದೆ ಬಂದರು. ಇಂಥದ್ದು ಬಸ್ಸಿನಿಂದ ಕಾಣುತ್ತದೆಯೇ ಹೇಳಿ?

ಒಳಗೆ ಹೋಗಿ ನೋಡುವುದಾದರೆ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಒಂದನ್ನೇ ನೋಡಿ, ಆದರೆ ಪೂರ್ತಿ ನೋಡಿ. ನೆಲವೇ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಗಳು, ಸುಮಾರು 400. ಆ ಕಲ್ಲಿಗೆ ಪೆಟ್ಟಾಗಬಾರದು ಅಂತ ಚೂಪು ಹಿಮ್ಮಡಿಯ ಚಪ್ಪಲಿಗೆ ಒಳಗೆ ಬಿಡುವುದಿಲ್ಲ. ಅಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೋ 1608ರಲ್ಲಿ ಬರೆದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರವಿದೆ, ಅವನು ಸಹಿ ಹಾಕಿದ ಒಂದೇ ಚಿತ್ರ. ಸಹಿ ಇರುವುದು ನೆಲಕ್ಕೆ ಹರಿದ ರಕ್ತದ ಬಣ್ಣದಲ್ಲಿ. ಆಫ್ ಸೀಸನ್ನಿನ ಲಾಭ ಗೊತ್ತಾಗುವುದೇ ಇಲ್ಲಿ. ಯಾರೂ ಹಿಂದಿನಿಂದ ತಳ್ಳುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಂತು ನೋಡಬಹುದು. ಭಾನುವಾರ ಮಾತ್ರ ಪ್ರವಾಸಿಗಳಿಗೆ ಪ್ರವೇಶವಿಲ್ಲ, ಹಡಗು ಯಾವ ವಾರ ಬರುತ್ತದೆ ನೋಡಿಕೊಳ್ಳಿ.

ಊರೆಲ್ಲಾ ಮುಚ್ಚಿರುತ್ತದೆ ಅನ್ನುವುದು ಸುಳ್ಳು. ಅದು ಜನ ಬದುಕುವ ರಾಜಧಾನಿ, ಚಳಿಗಾಲದಲ್ಲೂ ಅಂಗಡಿ ತೆರೆಯುತ್ತದೆ, ಆಫೀಸಿನವರು ಕಾಫಿಗೆ ಬರುತ್ತಾರೆ. ಹಗಲು 15-16 ಡಿಗ್ರಿ ಇರುತ್ತದೆ. ಗಾಳಿ ಜೋರು, ಮಳೆಯೂ ಬರಬಹುದು. ಕೊಡೆಗಿಂತ ಟೋಪಿ ಇರುವ ಜಾಕೆಟ್ ವಾಸಿ.

ಊಟದ ಚಿಂತೆ ಜಾಸ್ತಿ ಬೇಡ. ಪಾಸ್ಟಿಟ್ಸಿ ಅಂತ ನಮ್ಮ ಪಫ್‌ನಂಥ ತಿಂಡಿ ಸಿಗುತ್ತದೆ, ಒಳಗೆ ಬಟಾಣಿ ಇಲ್ಲವೇ ರಿಕೊಟ್ಟಾ ಚೀಸ್. ಆದರೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಕಡೆಯೂ ಇದೆ, ಕೇಳಿಯೇ ತಿನ್ನಿ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ಕೇಳಲು ಕಷ್ಟವಿಲ್ಲ. ಅವರ ಮಾಲ್ಟೀಸ್ ಅರಬ್ಬಿ ಮೂಲದ್ದು, ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಜಗತ್ತಿಗೆ ಅವರು 'ದಿನ್ಯಾ' ಅನ್ನುತ್ತಾರೆ. ಮುಂಬೈಯಲ್ಲಿ ದಿನಾ 'ದುನಿಯಾ' ಕೇಳುವ ಕಿವಿಗೆ ಎಷ್ಟು ಹತ್ತಿರ ಅಲ್ವಾ?

ಮಧ್ಯಾಹ್ನ ಗಾಳಿ ಕಡಿಮೆ ಇದ್ದರೆ ದೋಣಿಯಲ್ಲಿ ಬಂದರು ದಾಟಿ ಎದುರು ದಡದ ಬಿರ್ಗುವಿಗೆ ಹೋಗಿಬನ್ನಿ. ಮುಂಬೈಯ ಭಾವುಚಾ ಧಕ್ಕಾದಿಂದ ರೇವಸ್ ಲಾಂಚ್ ಹತ್ತಿದವರಿಗೆ ಇದು ಏನೂ ಅಲ್ಲ. ಮನಸ್ಸಿಲ್ಲದಿದ್ದರೆ ಬಿಡಿ, ಸುಮ್ನೆ ಉದ್ಯಾನದಲ್ಲೇ ಕೂತಿರಿ. ಹಡಗು 5ಕ್ಕೆ ಹೊರಡುವುದಾದರೆ ಅದಕ್ಕೂ ಮೊದಲೇ ಎಲ್ಲರೂ ಹತ್ತಿರಬೇಕು, ಆ ಸಮಯ ಇಳಿಯುವ ಬಾಗಿಲಲ್ಲೇ ಬರೆದಿರುತ್ತಾರೆ. ಹಡಗಿನ ಗಡಿಯಾರಕ್ಕೆ ನಿಮ್ಮ ಕೈಗಡಿಯಾರ ಹೊಂದಿಸಿಕೊಳ್ಳಿ. ಮೊಬೈಲ್ ನಂಬಬೇಡಿ.

ಪ್ರಶ್ನೆ: ಚಿವಿತಾವೆಕ್ಕಿಯಾ ಬಂದರಿನಿಂದ ರೋಮಿಗೆ ನಾವೇ ಹೋಗಿಬರಬಹುದೇ? ಹತ್ತು ಗಂಟೆ ಸಮಯವಿದೆ.
- ಓದುಗರು, ಪುಣೆ

ಉತ್ತರ: ಹೋಗಬಹುದು, ಆದರೆ ಲೆಕ್ಕ ಹಾಕಿ ಹೋಗಿ. ರೋಮ್ ಸುಮಾರು 70-80 ಕಿಲೋಮೀಟರ್ ದೂರ. ರೈಲಿಗೆ ಸುಮಾರು ಒಂದು ಗಂಟೆ ಬೇಕು, ಬಂದರಿನಿಂದ ಸ್ಟೇಷನ್ನಿಗೆ ಹೋಗುವ ಹೊತ್ತು ಬೇರೆ. ರೋಮಾ ಸ್ಯಾನ್ ಪಿಯೆತ್ರೋ ಸ್ಟೇಷನ್ನಿನಲ್ಲಿ ಇಳಿದರೆ ವ್ಯಾಟಿಕನ್ ಹತ್ತಿರ, ಅದೊಂದನ್ನೇ ನೋಡಿ ಬನ್ನಿ. ಕೊಲೋಸಿಯಂ ಕೂಡ ಸೇರಿಸಲು ಹೋದರೆ ಎರಡೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವಾಗಿ ಹೋಗಿ ತಡಮಾಡಿದರೆ ಕಾಯುವುದಿಲ್ಲ. ಕನಿಷ್ಠ ಎರಡು ಗಂಟೆ ಕೈಯಲ್ಲಿಟ್ಟುಕೊಂಡು ವಾಪಸ್ ರೈಲು ಹಿಡಿಯಿರಿ. ರೋಮ್ ಮೊದಲೇ ನೋಡಿದ್ದರೆ ಚಿವಿತಾವೆಕ್ಕಿಯಾದಲ್ಲೇ ಉಳಿಯಿರಿ. ಬಂದರಿನ ಪಕ್ಕದಲ್ಲೇ ಹಳೆಯ ಕೋಟೆಯಿದೆ, ಸಮುದ್ರದಂಚಿಗೆ ನಡೆಯುವ ದಾರಿಯಿದೆ.

ಪ್ರಶ್ನೆ: ನಮ್ಮ ಹಡಗು ಇಟಲಿಯಿಂದ ಟ್ಯುನೀಶಿಯಾಕ್ಕೆ ಹೋಗಿ ಮತ್ತೆ ಇಟಲಿಗೆ ಬರುತ್ತದೆ. ಒಂದು ಷೆಂಗೆನ್ ವೀಸಾ ಸಾಕೇ?
- ಓದುಗರು, ವಾಸ್ಕೋ

ಉತ್ತರ: ಇಟಲಿಗೆ ಎರಡು ಸಲ ಬರಲು ವೀಸಾ ಒಂದೇ ಸಾಕು, ಆದರೆ ಡಬಲ್ ಇಲ್ಲವೇ ಮಲ್ಟಿಪಲ್ ಎಂಟ್ರಿ ಇರಬೇಕು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು. ಟ್ಯುನೀಶಿಯಾ ಅದರಲ್ಲಿಲ್ಲ, ಅಲ್ಲಿಗೆ ಹೋದರೆ ಹೊರಗೆ ಹೋದ ಹಾಗೆ. ಸಿಂಗಲ್ ಎಂಟ್ರಿ ಇದ್ದರೆ ವಾಪಸ್ ಬರುವಾಗ ತೊಂದರೆಯಾಗುತ್ತದೆ. ಟ್ಯುನೀಶಿಯಾದಲ್ಲಿ ಇಳಿಯುವ ನಿಯಮವನ್ನು ಬುಕ್ ಮಾಡಿದವರ ಹತ್ತಿರ ಬರಹದಲ್ಲಿ ಕೇಳಿ ಪಡೆಯಿರಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಹಾಕಬಹುದು. 30,000 ಯೂರೋದ ಪ್ರಯಾಣ ವಿಮೆ ಕಡ್ಡಾಯ. ಅರ್ಜಿಯ ಜೊತೆ ಹಡಗಿನ ಪೂರ್ತಿ ದಾರಿಯ ಪಟ್ಟಿಯನ್ನೂ ಇಡಿ, ಎರಡು ಸಲ ಒಳಗೆ ಬರುವುದು ಅದರಲ್ಲಿ ಸ್ಪಷ್ಟವಾಗಿ ಕಾಣಲಿ.