ಓಣಿಯ ಮಾತು: ಕೊನೆಯ ಮನೆಗೂ ನೀರು, ಬೋರ್ಡಿನ ಮೇಲೆ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ನೀರಿನವೇ ಜಾಸ್ತಿ. ಬೇಸಿಗೆ ಅಲ್ವಾ. ಹಾಗಾಗಿ ಮೊದಲು ಅದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಓಣಿಯ ಕೊನೆಯ ಮನೆ. ನಳ ಬರುವುದೇ ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಬಂದ ದಿನ ಮೇಲಿನ ಮನೆಯವರು ನೇರವಾಗಿ ನಳಕ್ಕೇ ಮೋಟಾರ್ ಹಚ್ಚುತ್ತಾರೆ. ನಮಗೆ ನಾಲ್ಕು ಕೊಡ ಸಿಕ್ಕರೆ ಪುಣ್ಯ. ಕೇಳಿದರೆ ಜಗಳ. ಓಣಿಯ ನಿವಾಸಿಗಳ ಸಂಘದವರು ‘ಅದು ಪಾಲಿಕೆ ಕೆಲಸ’ ಅಂತ ಕೈ ತೊಳೆದುಕೊಂಡಿದ್ದಾರೆ.
– ಗೃಹಿಣಿ, ಕೌಲ್‌ಬಜಾರ್, ಬಳ್ಳಾರಿ

ತಂಗೀ, ನೀರು ಬಿಡುವುದು ಪಾಲಿಕೆ ಕೆಲಸ, ನಿಜ. ಬಿಟ್ಟ ನೀರು ಓಣಿಯೊಳಗೆ ಎಲ್ಲರಿಗೂ ಮುಟ್ಟಿತೋ ಇಲ್ಲವೋ ಅಂತ ನೋಡುವುದು ಸಂಘದ ಕೆಲಸ. ಗಣೇಶನನ್ನು ಕೂರಿಸುವಷ್ಟಕ್ಕೇ ಸಂಘ ನಿಲ್ಲಬಾರದು. ತುಂಗಭದ್ರೆಯ ನೀರು ಕಾಲುವೆ ಹಿಡಿದು ಅಲ್ಲಿಪುರದ ಕೆರೆಗೆ ಬಂದು, ಶುದ್ಧವಾಗಿ, ಟ್ಯಾಂಕ್ ಹತ್ತಿ ಇಳಿದು ನಿಮ್ಮ ಓಣಿಯ ತನಕ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕೂತಿತ್ತು. ಅಷ್ಟು ದೂರದಿಂದ ಬಂದ ನೀರು ಕೊನೆಯ ಮನೆಯ ಬಾಗಿಲಿಗೆ ಬರದೇ ನಿಂತರೆ ಹೊಟ್ಟೆ ಉರಿಯುತ್ತದೆ.

ಮೇಲಿನ ಮನೆಯವರ ಜೊತೆ ಜಗಳ ಬೇಡ. ಮೋಟಾರ್ ಏನು ಮಾಡುತ್ತದೆ ಅಂತ ಕೂರಿಸಿಕೊಂಡು ಹೇಳಿ. ಪೈಪಿನಲ್ಲಿ ಒತ್ತಡ ಇದ್ದಾಗ ಜಾಯಿಂಟ್ ಸೋರಿದರೆ ನೀರು ಹೊರಗೆ ಹೋಗುತ್ತದೆ. ಮೋಟಾರ್ ಹೀರಿದರೆ ಒತ್ತಡ ಬಿದ್ದು ಅದೇ ಸೀಳಿನಿಂದ ಹೊರಗಿನ ನೀರು ಪೈಪಿನೊಳಗೆ ಬರುತ್ತದೆ. ನಮ್ಮ ಓಣಿಗಳಲ್ಲಿ ಪೈಪು ಎಲ್ಲಿದೆ? ಚರಂಡಿಯ ಪಕ್ಕದಲ್ಲೇ. ಕೆಲವು ಕಡೆ ಚರಂಡಿಯೊಳಗೇ ಹಾದುಹೋಗಿದೆ. ಆ ಹೊಲಸು ಮೊದಲು ಸೇರುವುದು ಮೋಟಾರ್ ಹಚ್ಚಿದವರ ಸಂಪಿಗೇ. ‘ಇದು ನಿಮ್ಮ ಮಕ್ಕಳ ಹೊಟ್ಟೆಯ ಪ್ರಶ್ನೆ’ ಅಂದಾಗ ನಮ್ಮ ಓಣಿಯಲ್ಲಿ ಕೇಳದವರೂ ಕೇಳಿದರು.

ನಾವು ಮಾಡಿಕೊಂಡ ಕಟ್ಟಳೆ ಸರಳ. ನಳ ಬಂದ ಮೊದಲ ಅರ್ಧ ಗಂಟೆ ಯಾರೂ ಮೋಟಾರ್ ಹಚ್ಚುವಂತಿಲ್ಲ. ಅಷ್ಟರಲ್ಲಿ ಎಲ್ಲರೂ ಕುಡಿಯುವ ನೀರು ಹಿಡಿದುಕೊಳ್ಳಬೇಕು. ಆಮೇಲೂ ಮೋಟಾರ್ ಸಂಪಿನಿಂದ ಮೇಲಿನ ಟ್ಯಾಂಕಿಗೆ ಮಾತ್ರ. ನಳದ ನೀರು ತಾನಾಗಿಯೇ ಸಂಪಿಗೆ ಇಳಿಯಬೇಕು. ಇದನ್ನು ನೋಡಿಕೊಳ್ಳುವವರು ಓಣಿಯ ಹೆಂಗಸರೇ, ಈ ತುದಿಗೊಬ್ಬರು, ಆ ತುದಿಗೊಬ್ಬರು. ಗಂಡಸರು ನಿಂತಾಗ ಮಾತು ಬೆಳೆಯುತ್ತಿತ್ತು.

ಇನ್ನೊಂದು ಕೆಲಸ ಇವತ್ತೇ ಶುರುಮಾಡಿ. ನೂರು ಹಾಳೆಯ ನೋಟ್‌ಬುಕ್ ತಂದು ದಾರ ಕಟ್ಟಿ ಕಿರಾಣಿ ಅಂಗಡಿಯಲ್ಲಿ ನೇತುಹಾಕಿ. ತಾರೀಕು, ನಳ ಬಂದ ಹೊತ್ತು, ನಿಂತ ಹೊತ್ತು, ಕೊನೆಯ ಮನೆಗೆ ಎಷ್ಟು ಕೊಡ ಸಿಕ್ಕಿತು. ಇಷ್ಟು ಬರೆದರೆ ಸಾಕು. ನಮ್ಮ ಪುಸ್ತಕದ ಜೆರಾಕ್ಸ್ ಅರ್ಜಿಗೆ ಹಚ್ಚಿ ಕೊಟ್ಟಾಗ ಎಂಜಿನಿಯರ್ ಪುಟ ತಿರುವಿ ಓದಿದರು. ನೀರು ಬಿಡುವವರನ್ನು ಕರೆಸಿ ಕೇಳಿದರು. ನೋಡಿದರೆ ಮೂಲೆಯ ವಾಲ್ವ್ ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಅಷ್ಟು ದಿನ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗಿತ್ತು. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೇ ಕಚೇರಿಯಿಂದ ಹೊರಗೆ ಬರಬೇಡಿ.

ನೀರು ವಾರಗಟ್ಟಲೆ ಕೂಡಿಡುವ ಊರು ನಮ್ಮದು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಕೊಳಚೆಯಲ್ಲಲ್ಲ, ಇಂಥ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಡ್ರಮ್ಮಿಗೆ ಬಟ್ಟೆ ಬಿಗಿಯಾಗಿ ಕಟ್ಟಿ. ಖಾಲಿಯಾದಾಗ ಬರೀ ತೊಳೆದರೆ ಸಾಲದು, ಒಳಗಿನ ಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಮೊಟ್ಟೆ ಅಂಟಿರುವುದು ಅಲ್ಲೇ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ಬಂದರೆ ದಯವಿಟ್ಟು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ.

ಪ್ರಶ್ನೆ: ನಾನು ನಮ್ಮ ಬಡಾವಣೆಯ ಸಂಘದ ಖಜಾಂಚಿ. ತಿಂಗಳಿಗೆ ಮನೆಗೆ ನೂರು ರೂಪಾಯಿ ಎತ್ತುತ್ತೇವೆ. ಒಂದು ಪೈಸೆ ತಿಂದಿಲ್ಲ. ಆದರೂ ಹಿಂದೆ ಮಾತಾಡುತ್ತಾರೆ. ಬಿಟ್ಟುಬಿಡೋಣ ಅನಿಸಿದೆ.
– ಓದುಗರು, ನಿಜಲಿಂಗಪ್ಪ ಕಾಲೊನಿ, ರಾಯಚೂರು

ಬಿಡಬೇಡಿ ತಮ್ಮಾ. ಒಂದು ಪ್ರಶ್ನೆ ಕೇಳುತ್ತೇನೆ. ಆ ಹಣ ಯಾರ ಫೋನ್‌ಪೇಗೆ ಬರುತ್ತದೆ? ನಿಮ್ಮ ಸ್ವಂತ ನಂಬರಿಗೆ ಬರುತ್ತಿದ್ದರೆ ಜನ ಮಾತಾಡುವುದು ಸಹಜ. ನಿಮ್ಮ ಮನೆಯ ಗ್ಯಾಸಿನ ದುಡ್ಡೂ ಬೀದಿಯ ದುಡ್ಡೂ ಒಂದೇ ಖಾತೆಯಲ್ಲಿದ್ದರೆ ನಾಳೆ ನೀವೇ ಬಿಡಿಸಿ ಹೇಳಲಾರಿರಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಿರಿ, ಇಬ್ಬರ ಸಹಿ ಕಡ್ಡಾಯ ಇರಲಿ.

ಸಂಘ ನೋಂದಣಿ ಆಗಿದ್ದರೆ ಖಾತೆ ತೆರೆಯುವುದು ಸುಲಭ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಉದ್ದೇಶ ಮತ್ತು ಬೈಲಾ (ಸಂಘದ ನಿಯಮಗಳು) ಬರೆದು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಆಮೇಲೆ ವರ್ಷವೂ ಸಾಮಾನ್ಯ ಸಭೆ ನಡೆಸಿ, ಲೆಕ್ಕ ಪರಿಶೋಧನೆ ಮಾಡಿಸಿ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಹುರುಪಿನಲ್ಲಿ ನೋಂದಣಿ ಮಾಡಿಸಿ, ಮರುವರ್ಷದಿಂದ ಕಾಗದ ಕೊಡುವುದನ್ನೇ ಮರೆತ ಸಂಘಗಳನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ಬಾಯಿ ಮುಚ್ಚಿಸುವುದು ನೋಂದಣಿ ಅಲ್ಲ, ಬೋರ್ಡು. ಹಾಲಿನ ಬೂತಿನ ಪಕ್ಕ, ಎಲ್ಲರೂ ಬೆಳಿಗ್ಗೆ ನಿಲ್ಲುವ ಜಾಗದಲ್ಲಿ ಒಂದು ಕರಿಹಲಗೆ ಹಾಕಿ. ತಿಂಗಳ ಮೊದಲ ಭಾನುವಾರ ನೀವೇ ನಿಂತು ಬರೆಯಿರಿ: ಬಂದದ್ದು, ಕೊಟ್ಟದ್ದು, ಉಳಿದದ್ದು. ಚರಂಡಿ ಹೂಳು ತೆಗೆದವರಿಗೆ ಕೊಟ್ಟ ಕೂಲಿಯೂ ಇರಲಿ, ಅವರು ಕುಡಿದ ಚಹಾದ ದುಡ್ಡೂ ಇರಲಿ. ಬಿಲ್ಲುಗಳನ್ನು ಒಂದು ಫೈಲಿಗೆ ಚುಚ್ಚಿ ಅಂಗಡಿಯಲ್ಲೇ ಇಡಿ. ಯಾರಾದರೂ ‘ಈ ಬಿಲ್ ಜಾಸ್ತಿ ಆಯಿತಲ್ಲ’ ಅಂದರೆ ಸಿಟ್ಟಾಗಬೇಡಿ. ‘ಮುಂದಿನ ಸಲ ನೀವು ಬನ್ನಿ, ಕೂಲಿ ನೀವೇ ಮಾತಾಡಿ’ ಅನ್ನಿ. ನಮ್ಮಲ್ಲಿ ಹಾಗೆ ಕೇಳಿದ ಒಬ್ಬರು ಈಗ ಸಂಘದ ಕಾರ್ಯದರ್ಶಿ. ಅಷ್ಟು ಕಟ್ಟುನಿಟ್ಟಿನ ಮನುಷ್ಯ ನಮಗೆ ಬೇಕೇ ಬೇಕಿತ್ತು.

ಪ್ರಶ್ನೆ: ನಾವು ಜೀನ್ಸ್ ಹೊಲಿಯುವವರು, ಬಾಡಿಗೆ ಮನೆ. ‘ಸ್ವಂತ ಮನೆಯವರಿಗೆ ಮಾತ್ರ ಸದಸ್ಯತ್ವ’ ಅಂತಾರೆ. ಚಂದಾ ಮಾತ್ರ ನಮ್ಮಿಂದಲೂ ತಗೋತಾರೆ.
– ಓದುಗರು, ಬಳ್ಳಾರಿ

ಇದು ಅನ್ಯಾಯ. ಯಾರು ಸದಸ್ಯರು ಅಂತ ಹೇಳುವುದು ಸಂಘದ ಬೈಲಾ, ಅದರ ಪ್ರತಿ ಕೇಳಿ ಓದಿ. ಹಾಗೆ ಬರೆದಿದ್ದರೆ ಸಾಮಾನ್ಯ ಸಭೆಯಲ್ಲಿ ತಿದ್ದಲು ಬರುತ್ತದೆ. ನಿಮ್ಮ ಪರ ಮಾತಾಡುವ ಒಬ್ಬ ಮನೆ ಮಾಲೀಕರನ್ನು ಮೊದಲು ಹುಡುಕಿ. ಸಂಘದವರಿಗೂ ಒಂದು ಮಾತು. ವಾರ್ಡಿನ ಮತದಾರರ ಪಟ್ಟಿಯಲ್ಲಿ ಬಾಡಿಗೆಯವರಿಗೂ ಜಾಗ ಇದೆ. ಓಣಿಯ ಕಸ, ನೀರು, ಸೊಳ್ಳೆ ಅವರಿಗೂ ಅಷ್ಟೇ. ದುಡ್ಡು ತೆಗೆದುಕೊಂಡ ಮೇಲೆ ಸಭೆಯಲ್ಲಿ ಕುರ್ಚಿ ಕೊಡಲೇಬೇಕು.

ಪ್ರಶ್ನೆ: ಬೀದಿದೀಪ ಕೆಟ್ಟು ತಿಂಗಳಾಯಿತು. ಕರೆಂಟ್ ಕಂಪನಿ ಜೆಸ್ಕಾಂನವರು ನಗರಸಭೆ ಕಡೆ ಕೈ ತೋರಿಸುತ್ತಾರೆ.
– ವಿದ್ಯಾರ್ಥಿನಿ, ಕೊಪ್ಪಳ

ಅವರು ಹೇಳಿದ್ದು ಸರಿ. ದೀಪ ನಗರಸಭೆಯದ್ದು. ತಂತಿ ಜೋತುಬಿದ್ದರೆ, ಕಂಬ ವಾಲಿದರೆ, ಕರೆಂಟ್ ಹೋದರೆ ಜೆಸ್ಕಾಂನ 1912ಕ್ಕೆ ಫೋನ್ ಮಾಡಬೇಕು. ದೀಪಕ್ಕೆ ಕಂಬದ ಮೇಲಿನ ನಂಬರ್ ಬರೆದು ನಗರಸಭೆಗೆ ದೂರು ಕೊಡು ಮಗಳೇ. ‘ನಮ್ಮ ಮನೆ ಹತ್ತಿರದ ಕಂಬ’ ಅಂದರೆ ಯಾರಿಗೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಲೇಔಟಿನಲ್ಲಿ ಪಾರ್ಕಿನ ಜಾಗ ಖಾಲಿ ಬಿದ್ದಿದೆ. ಕೆಲವರು ಅಲ್ಲಿ ಸಮುದಾಯ ಭವನ ಕಟ್ಟೋಣ ಅಂತಾರೆ. ಕೆಲವರಿಗೆ ಗಿಡ ಬೇಕು. ಸಂಘ ಒಡೆಯುವ ಹಾಗಿದೆ.
– ನಿವೃತ್ತ ನೌಕರರು, ಕೊಪ್ಪಳ

ಅಣ್ಣಾವ್ರೇ, ಮೊದಲು ನಕ್ಷೆ ನೋಡಿ. ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಜಾಗ ನಗರಸಭೆಗೆ ಹಸ್ತಾಂತರ ಆಗಿದೆಯಾ ಅಂತ ಬೇರೆ ಅರ್ಜಿಯಲ್ಲಿ ಕೇಳಿ, ಒಂದು ಅರ್ಜಿಗೆ ಒಂದೇ ವಿಷಯ. ನಕ್ಷೆಯಲ್ಲಿ ಉದ್ಯಾನ ಅಂತ ಇದ್ದರೆ ಭವನದ ಮಾತು ಅಲ್ಲಿಗೇ ಬಿಡಿ. ಇಂಥ ಜಾಗ ಉಳಿಸಲೆಂದೇ 1985ರಿಂದ ರಾಜ್ಯದಲ್ಲಿ ಕಾಯ್ದೆ ಇದೆ. ಭವನಕ್ಕೆ ಸಿ.ಎ. ನಿವೇಶನ, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ, ಕೇಳಬಹುದು.

ಗಿಡದ ಕಡೆಯವರಿಗೂ ಹೇಳುತ್ತೇನೆ. ಗೆಲುವು ಸಿಕ್ಕ ಖುಷಿಯಲ್ಲಿ ನೂರು ಸಸಿ ನೆಟ್ಟು ಫೋಟೋ ತೆಗೆಸಿ ಮನೆಗೆ ಹೋಗಬೇಡಿ. 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಹೂಳು ತೆಗೆಸಿದಾಗ ನಿಮ್ಮ ಊರಿನವರು ಬಿಸಿಲಿನಲ್ಲಿ ದಿನಗಟ್ಟಲೆ ದುಡಿದವರು. ಆ ಶಕ್ತಿ ನಿಮ್ಮಲ್ಲಿದೆ. ಬೇವು, ಹೊಂಗೆ ಸಾಕು. ಮುಂಗಾರಿನ ಮೊದಲ ಮಳೆ ಚೆನ್ನಾಗಿ ಬಿದ್ದ ಮೇಲೆ ನೆಡಿ. ಎರಡು ಬೇಸಿಗೆ ಯಾವ ಗಿಡಕ್ಕೆ ಯಾವ ಮನೆಯವರು ನೀರು ಹಾಕಬೇಕು ಅಂತ ನೆಡುವ ಮೊದಲೇ ಬರೆದಿಡಿ. ಭವನ ಬೇಕು ಅಂದವರ ಮನೆಗಳಿಗೂ ಒಂದೊಂದು ಗಿಡ ಒಪ್ಪಿಸಿ.